ನಗಿಸಲು ಹೊರಟರೆ ವೈಲ್ಡ್ ನಗಿಸುವುದಿಲ್ಲ

ಪ್ರಶ್ನೆ: ನಮ್ಮದು ಮೈಸೂರಿನ ಒಂದು ಹವ್ಯಾಸಿ ತಂಡ. ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕವನ್ನು ನಾವೇ ಕನ್ನಡಕ್ಕೆ ತಂದುಕೊಂಡು ತಾಲೀಮು ನಡೆಸುತ್ತಿದ್ದೇವೆ. ಓದುವಾಗ ಬಿದ್ದು ಬಿದ್ದು ನಕ್ಕ ಮಾತುಗಳೇ ಆಡುವಾಗ ಸಪ್ಪೆಯಾಗುತ್ತಿವೆ. ಶುರುವಿನಲ್ಲಿ ನಗು ಬರುತ್ತದೆ, ಆಮೇಲೆ ಕೇಳುವವರಿಗೆ ಸುಸ್ತು. ಇದು ಬರೀ ಚಾಟೂಕ್ತಿಗಳ ಸರಮಾಲೆಯೇ? ಆ ಕಾಲದ ಲಂಡನ್ನಿನವರು ಇದರಲ್ಲಿ ಕಂಡದ್ದಾದರೂ ಏನು? ಇದೇ ಬಗೆಯ ಬೇರೆ ನಾಟಕ ಯಾವುದಾದರೂ ನಮಗೆ ಹೊಂದೀತೆ?

ಉತ್ತರ: ನಿಮ್ಮ ನಟರು ನಗಿಸಲು ಹೊರಟಿದ್ದಾರೆ ಎಂಬುದು ನನ್ನ ಗುಮಾನಿ. ಮಾತು ಚುರುಕಾಗಿದೆ ಎಂದು ಗೊತ್ತಾದ ಕೂಡಲೇ ಅದನ್ನು ಎತ್ತಿ ಹೇಳುವುದು, ಕೊನೆಯ ಪದಕ್ಕೊಂದು ಒತ್ತು ಕೊಡುವುದು, ಸಭೆಯತ್ತ ಒಮ್ಮೆ ಕಣ್ಣು ಹಾಯಿಸಿ ಚಪ್ಪಾಳೆಗೆ ಜಾಗ ಬಿಡುವುದು ನಮ್ಮ ಹಾಸ್ಯನಟರಿಗೆ ಅಂಟಿದ ರೂಢಿ. ಬೇರೆ ನಾಟಕದಲ್ಲಿ ಅದು ನಡೆದೀತು. ಇಲ್ಲಿ ಹೆಚ್ಚುಕಡಿಮೆ ಎರಡು ಮಾತಿಗೊಂದು ಮಾತು ಅಂಥದ್ದೇ. ಪ್ರತಿಯೊಂದಕ್ಕೂ ನಿಂತು ನಗು ವಸೂಲು ಮಾಡುತ್ತ ಹೋದರೆ ಪ್ರೇಕ್ಷಕರು ಕೊಟ್ಟು ಕೊಟ್ಟು ದಣಿಯುತ್ತಾರೆ. ದೋಷ ನಾಟಕದ್ದಲ್ಲ.

ಈ ಕಾಯಿಲೆಗೆ ಮದ್ದನ್ನು ವೈಲ್ಡ್‌ಗಿಂತ ಮೊದಲೇ ಒಬ್ಬ ಬರೆದಿಟ್ಟಿದ್ದ. ಡಬ್ಲ್ಯೂ. ಎಸ್. ಗಿಲ್ಬರ್ಟ್‌ನ ‘ಎಂಗೇಜ್ಡ್’ 1877ರಲ್ಲಿ ಲಂಡನ್ನಿನ ಹೇಮಾರ್ಕೆಟ್ ಥಿಯೇಟರಿನಲ್ಲಿ ಬಂತು. ಸಂಗೀತಗಾರ ಸಲಿವನ್ ಜೊತೆ ಸಂಗೀತ ನಾಟಕಗಳನ್ನು ಬರೆದ ಗಿಲ್ಬರ್ಟನೇ ಈತ. ಅಚ್ಚಾದ ಪುಸ್ತಕದಲ್ಲಿ ನಟರಿಗಾಗಿ ಒಂದು ಸೂಚನೆಯಿದೆ: ಈ ನಾಟಕವನ್ನು ಮೊದಲಿನಿಂದ ಕೊನೆಯತನಕ ಪೂರಾ ಗಾಂಭೀರ್ಯದಿಂದ ಆಡಬೇಕು, ವೇಷದಲ್ಲಾಗಲಿ ಬಣ್ಣದಲ್ಲಾಗಲಿ ನಡವಳಿಕೆಯಲ್ಲಾಗಲಿ ಅತಿರೇಕ ಕೂಡದು, ಪಾತ್ರಗಳು ತಾವು ಆಡುವುದನ್ನೆಲ್ಲ ಮನಸಾರೆ ನಂಬಿದವರಂತೆ ಕಾಣಬೇಕು, ತಮ್ಮ ಮಾತು ಅಸಂಬದ್ಧ ಎಂದು ತಮಗೆ ಗೊತ್ತಿದೆ ಎಂದು ನಟರು ತೋರಿಸಿಕೊಂಡರೆ ನಾಟಕ ಆ ಕ್ಷಣದಿಂದ ಎಳೆಯತೊಡಗುತ್ತದೆ. ವೈಲ್ಡ್ ಈ ನಾಟಕದಿಂದ ಸಾಕಷ್ಟು ಎತ್ತಿಕೊಂಡಿದ್ದಾನೆ. ಸಾಯದವನಿಗಾಗಿ ಕಪ್ಪು ಸೂತಕದ ಉಡುಪು ತೊಟ್ಟು ಬರುವ ಪಾತ್ರ ಅಲ್ಲೂ ಇದೆ. ವೈಲ್ಡ್‌ನ ನಾಯಕ ಜ್ಯಾಕ್ ತಾನೇ ಕಟ್ಟಿಕೊಂಡ, ಇಲ್ಲದ ತಮ್ಮನಿಗಾಗಿ ಹಾಗೆ ಬರುತ್ತಾನೆ. ಗಿಲ್ಬರ್ಟ್‌ನ ಆ ಸೂಚನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ನಿಮ್ಮ ತಾಲೀಮಿನ ಕೋಣೆಯ ಗೋಡೆಗೆ ಅಂಟಿಸಿ.

ಬರ್ನಾರ್ಡ್ ಷಾನ ‘ಆರ್ಮ್ಸ್ ಅಂಡ್ ದಿ ಮ್ಯಾನ್’ ಬಗ್ಗೆ ರಂಗಭೂಮಿಯವರು ಹೇಳುತ್ತ ಬಂದಿರುವ ಒಂದು ಮಾತು ಇದಕ್ಕೆ ಸಾಕ್ಷಿ. 1894ರ ಏಪ್ರಿಲ್ 21ರಂದು ಅವೆನ್ಯೂ ಥಿಯೇಟರಿನಲ್ಲಿ ಅದರ ಮೊದಲ ಆಟ. ತಾವು ಆಡುತ್ತಿರುವುದು ಎಂಥ ನಾಟಕವೆಂದು ನಟರಿಗೇ ಸರಿಯಾಗಿ ಅಂದಾಜಿರಲಿಲ್ಲವಂತೆ. ಗಾಬರಿಯಲ್ಲಿ ಗಂಭೀರವಾಗಿ ಆಡಿದರು, ಥಿಯೇಟರು ನಕ್ಕು ನಕ್ಕು ಹೊರಳಾಡಿತು. ಎಲ್ಲೆಲ್ಲಿ ನಗು ಬರುತ್ತದೆ ಎಂದು ಗೊತ್ತಾದ ಮೇಲೆ ಆ ಜಾಗಗಳಿಗೆ ಕಾದು ಆಡತೊಡಗಿದರು. ಮೊದಲ ರಾತ್ರಿಯ ರಭಸ ಮತ್ತೆ ಬರಲಿಲ್ಲ.

ಸರಿ, ಗಂಭೀರವಾಗಿ ಆಡಿ ಎಂದರೆ ನಟರು ಕೇಳುತ್ತಾರೆ: ಯಾವುದನ್ನು ಹಿಡಿದು ಗಂಭೀರವಾಗಿರುವುದು? ಸೌತೆಕಾಯಿ ಸ್ಯಾಂಡ್‌ವಿಚ್ ಹಿಡಿದೇ? ಈ ಪ್ರಶ್ನೆಗೆ ಉತ್ತರ ಸಿಕ್ಕದಿದ್ದರೆ ‘ಗಂಭೀರ’ ಎಂದರೆ ಮುಖ ಬಿಗಿದುಕೊಳ್ಳುವುದು ಎಂದಾಗಿಬಿಡುತ್ತದೆ. ಉತ್ತರ ಒಂದೇ: ದುಡ್ಡು. ಇವರೆಲ್ಲ ಹಗಲೂ ರಾತ್ರಿ ಲೆಕ್ಕ ಹಾಕುತ್ತಿರುವ ಜನ. ನಾಟಕದ ಅರ್ಧಕ್ಕರ್ಧ ಹಾಸ್ಯ ಜಮಾಖರ್ಚಿನದು.

ಆರಂಭದಲ್ಲೇ ನೋಡಿ. ಚಿಕ್ಕಮ್ಮ ಬರುತ್ತಾಳೆಂದು ತರಿಸಿಟ್ಟ ಸೌತೆಕಾಯಿ ಸ್ಯಾಂಡ್‌ವಿಚ್ಚುಗಳನ್ನು ಜ್ಯಾಕ್‌ನ ಗೆಳೆಯ ಅಲ್ಜರ್ನನ್ ತಾನೇ ಮುಗಿಸಿದ್ದಾನೆ. ಆಕೆ ಕೇಳಿದಾಗ ಖಾಲಿ ತಟ್ಟೆ ನೋಡಿ ತಾನೇ ಬೆಚ್ಚಿದವನಂತೆ ಸೇವಕ ಲೇನ್‌ನನ್ನು ವಿಚಾರಿಸುತ್ತಾನೆ. ಲೇನ್ ಒಂದಿಷ್ಟೂ ಅಳುಕದೆ ಹೇಳುತ್ತಾನೆ: ಇವತ್ತು ಮಾರುಕಟ್ಟೆಯಲ್ಲಿ ಸೌತೆಕಾಯಿ ಇರಲಿಲ್ಲ ಸ್ವಾಮಿ, ಎರಡು ಸಲ ಹೋಗಿ ಬಂದೆ. ‘ಸೌತೆಕಾಯಿ ಇರಲಿಲ್ಲವೇ!’ ಎಂದರೆ, ‘ಇಲ್ಲ ಸ್ವಾಮಿ, ನಗದು ಕೊಟ್ಟರೂ ಇರಲಿಲ್ಲ.’ ಆ ‘ನಗದು’ ಎಂಬಲ್ಲಿ ಇಡೀ ಮನೆಯ ಬಂಡವಾಳ ಬಯಲಾಗುತ್ತದೆ. ಲಂಡನ್ನಿನ ದೊಡ್ಡ ಮನುಷ್ಯರು ದರ್ಜಿಗೆ, ಹೂವಿನವನಿಗೆ, ಹೋಟೆಲಿಗೆ, ಎಲ್ಲರಿಗೂ ಉದ್ರಿಯಲ್ಲೇ ಬದುಕುತ್ತಿದ್ದರು. ಈ ಮನೆಯಲ್ಲಿ ನಗದು ಎಂಬುದು ಸೌತೆಕಾಯಿಗಿಂತ ಅಪರೂಪದ ಪದಾರ್ಥ. ಲೇನ್ ಪಾತ್ರಧಾರಿ ಇದನ್ನು ಜೋಕ್ ಎಂದು ಹೇಳಿದರೆ ಮುಗಿಯಿತು. ಯಜಮಾನನ ಮಾನ ಕಾಯುವ ಸೇವಕನಾಗಿ, ವರದಿ ಒಪ್ಪಿಸುವಂತೆ ಹೇಳಬೇಕು. ಅಲ್ಜರ್ನನ್ ಕೂಡ ಅದನ್ನು ಕೇಳಿ ಮನನೊಂದವನಂತೆ ಇರಬೇಕು.

ಇನ್ನು ಆ ಚಿಕ್ಕಮ್ಮ, ಲೇಡಿ ಬ್ರ್ಯಾಕ್‌ನೆಲ್, ಜ್ಯಾಕ್‌ನನ್ನು ವಿಚಾರಣೆ ಮಾಡುವ ದೃಶ್ಯ. ಆಕೆ ಪೆನ್ಸಿಲು, ಟಿಪ್ಪಣಿ ಪುಸ್ತಕ ಹಿಡಿದು ಕೂರುತ್ತಾಳೆ. ಮಗಳು ಗ್ವೆಂಡೊಲಿನ್‌ಳನ್ನು ಮದುವೆಯಾಗಿ ಅಳಿಯನಾಗಬಯಸುವವನಿಗೆ ಪ್ರಶ್ನೆ ಮೇಲೆ ಪ್ರಶ್ನೆ. ವರಮಾನ? ವರ್ಷಕ್ಕೆ ಏಳೆಂಟು ಸಾವಿರ ಪೌಂಡ್. ಜಮೀನಿನಿಂದಲೋ, ಹೂಡಿಕೆಯಿಂದಲೋ? ಮುಖ್ಯವಾಗಿ ಹೂಡಿಕೆಯಿಂದ. ಆಕೆಗೆ ಸಮಾಧಾನ. ಜಮೀನಿಗೆ ಈಗ ಲಾಭವೂ ಇಲ್ಲ, ಸುಖವೂ ಇಲ್ಲ ಎನ್ನುತ್ತಾಳೆ: ಬದುಕಿದ್ದಾಗ ಮಾಡಬೇಕಾದ ಕರ್ತವ್ಯಗಳು ಒಂದು ಕಡೆ, ಸತ್ತ ಮೇಲೆ ಕಟ್ಟಬೇಕಾದ ಸುಂಕ ಇನ್ನೊಂದು ಕಡೆ, ಜಮೀನು ಮನುಷ್ಯನಿಗೆ ಸ್ಥಾನಮಾನ ಕೊಡುತ್ತದೆ, ಆದರೆ ಅದನ್ನು ಉಳಿಸಿಕೊಳ್ಳಲು ಬಿಡುವುದಿಲ್ಲ.

ನಿಮ್ಮ ನಟಿಗೆ ಇದು ಒಂದು ಚಂದದ ವಾಕ್ಯವಾಗಿ ಕಾಣುತ್ತಿರಬಹುದು. ನಾಟಕ ಮೊದಲು ರಂಗಕ್ಕೆ ಬಂದ 1895ರ ಪ್ರೇಕ್ಷಕರಿಗೆ ಇದು ಮನೆಯ ಸುದ್ದಿ. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಹಡಗಿನಲ್ಲಿ ಬಂದು ಇಳಿಯತೊಡಗಿ ಇಂಗ್ಲೆಂಡಿನ ಬೇಸಾಯ ನೆಲಕಚ್ಚಿತ್ತು. ಗೇಣಿ ನಂಬಿ ಬದುಕಿದ್ದ ಶ್ರೀಮಂತ ಮನೆತನಗಳು ಒಳಗೊಳಗೇ ಸವೆಯುತ್ತಿದ್ದವು. 1894ರಲ್ಲಿ ಗೋಧಿಯ ಬೆಲೆ ಆ ಶತಮಾನದಲ್ಲೇ ಅತಿ ಕೆಳಕ್ಕಿಳಿದಿತ್ತು. ಅದೇ ವರ್ಷ ಹಣಕಾಸು ಮಂತ್ರಿ ವಿಲಿಯಂ ಹಾರ್‌ಕೋರ್ಟ್ ಸತ್ತವರ ಆಸ್ತಿಯ ಮೇಲೆ ಹೊಸ ತೆರಿಗೆ ತಂದ: ಸಣ್ಣ ಆಸ್ತಿಗೆ ಶೇಕಡಾ 1, ಹತ್ತು ಲಕ್ಷ ಪೌಂಡ್ ಮೀರಿದರೆ ಶೇಕಡಾ 8. ವೈಲ್ಡ್ ಈ ನಾಟಕ ಬರೆದದ್ದು 1894ರ ಬೇಸಿಗೆಯಲ್ಲಿ, ವರ್ದಿಂಗ್ ಎಂಬ ಕಡಲತೀರದ ಊರಿನಲ್ಲಿ. ಸತ್ತ ಮೇಲಿನ ಸುಂಕ ಎಂದಾಗ ಸ್ಟಾಲು ಎಂಬ ಮುಂದಿನ ದುಬಾರಿ ಆಸನಗಳಲ್ಲಿ ಕೂತ ಜಮೀನುದಾರರು ನಕ್ಕಿದ್ದರೆ, ಹೊಟ್ಟೆಯೊಳಗೆ ಸ್ವಲ್ಪ ಚುರುಕ್ಕೆಂದೇ ನಕ್ಕಿರಬೇಕು.

ಎರಡನೇ ಅಂಕದಲ್ಲಿ ನಮಗೇ ಸೇರಿದ ಒಂದು ಮಾತಿದೆ. ಮನೆಪಾಠದ ಮಿಸ್ ಪ್ರಿಸಮ್ ತನ್ನ ಶಿಷ್ಯೆ, ಜ್ಯಾಕ್‌ನ ಪಾಲನೆಯಲ್ಲಿರುವ ಸಿಸಿಲಿಗೆ ಅರ್ಥಶಾಸ್ತ್ರ ಓದಿಕೊಂಡಿರು ಎಂದು ಹೇಳಿ ಹೊರಡುತ್ತಾಳೆ. ಹೊರಡುವಾಗ ಒಂದು ಎಚ್ಚರಿಕೆ: ರೂಪಾಯಿ ಕುಸಿತದ ಅಧ್ಯಾಯ ಬಿಟ್ಟುಬಿಡು, ಅದು ಹುಡುಗಿಯರಿಗೆ ತೀರಾ ರೋಚಕ. ಈ ರೂಪಾಯಿ ನಮ್ಮ ರೂಪಾಯಿಯೇ. ಜರ್ಮನಿ ಮೊದಲಾದ ದೇಶಗಳು ಚಿನ್ನದ ನಾಣ್ಯಕ್ಕೆ ಹೋದ ಮೇಲೆ ಬೆಳ್ಳಿಯ ಬೆಲೆ ಬಿತ್ತು, ಬೆಳ್ಳಿಯ ನಾಣ್ಯವಾದ ರೂಪಾಯಿಯೂ ಅದರ ಜೊತೆ ಇಳಿಯಿತು. 1870ರ ದಶಕದ ಆರಂಭದಲ್ಲಿ ಹತ್ತಿರಹತ್ತಿರ 2 ಶಿಲಿಂಗ್ ತರುತ್ತಿದ್ದ ರೂಪಾಯಿ 1894ರ ಹೊತ್ತಿಗೆ 1 ಶಿಲಿಂಗ್ 1 ಪೆನ್ನಿಯ ಆಸುಪಾಸಿನಲ್ಲಿತ್ತು. 1893ರ ಜೂನಿನಲ್ಲಿ ಸರಕಾರ ಇಲ್ಲಿನ ಟಂಕಸಾಲೆಗಳಲ್ಲಿ ಖಾಸಗಿಯವರ ಬೆಳ್ಳಿಗೆ ನಾಣ್ಯ ಹೊಡೆದುಕೊಡುವುದನ್ನೇ ನಿಲ್ಲಿಸಿತು. ಭಾರತ ಸರಕಾರ ಇಂಗ್ಲೆಂಡಿಗೆ ಪೌಂಡಿನಲ್ಲಿ ಕಟ್ಟಬೇಕಾದ ಬಾಬತ್ತು ರೂಪಾಯಿಯ ಲೆಕ್ಕದಲ್ಲಿ ಬೆಳೆಯುತ್ತಲೇ ಹೋಯಿತು. ಆ ಹೊರೆ ಇಲ್ಲಿನ ತೆರಿಗೆದಾರನ ತಲೆಗೆ. ಲಂಡನ್ನಿನ ಪ್ರೇಕ್ಷಕರಿಗೆ ಅದು ಹಾಗೆ ಮುಟ್ಟುತ್ತಿರಲಿಲ್ಲ, ಬೇರೆ ರೀತಿ ಮುಟ್ಟುತ್ತಿತ್ತು: ಇಂಡಿಯಾದಲ್ಲಿ ಕಲೆಕ್ಟರನೋ ಕರ್ನಲನೋ ಆಗಿದ್ದ ಮಗ, ಭಾವ, ಅಳಿಯ ಊರಿಗೆ ಕಳಿಸುವ ಹಣ ಅರ್ಧಕ್ಕಿಳಿಯುತ್ತಿತ್ತು. ಹುಡುಗಿಯರ ಕೈಯಲ್ಲಿ ಇರಬಾರದ ಕಾದಂಬರಿಯ ಅಧ್ಯಾಯದ ಜಾಗದಲ್ಲಿ ವೈಲ್ಡ್ ಬೆಳ್ಳಿಯ ದರವನ್ನು ತಂದಿಟ್ಟ. ಮಿಸ್ ಪ್ರಿಸಮ್ ಅದನ್ನು ನಿಜವಾದ ಆತಂಕದಿಂದಲೇ ಹೇಳಬೇಕು. ಆಕೆಯ ಮಟ್ಟಿಗೆ ಅದು ಶೀಲದ ಪ್ರಶ್ನೆ.

ದಯವಿಟ್ಟು ಆ ಜಾಗದಲ್ಲಿ ನೋಟು ರದ್ದತಿಯನ್ನೋ ಜಿಎಸ್‌ಟಿಯನ್ನೋ ತುರುಕಬೇಡಿ. ತಂಡದಲ್ಲಿ ಯಾರಾದರೊಬ್ಬರು ಆ ಸಲಹೆ ಕೊಟ್ಟೇ ಕೊಡುತ್ತಾರೆ. ರೂಪಾಯಿ ಎಂಬ ಪದ ಇದ್ದ ಹಾಗೇ ಮೈಸೂರಿನಲ್ಲಿ ಬಿದ್ದಾಗ ಅದಕ್ಕೆ ಲಂಡನ್ನಿನಲ್ಲಿ ಇಲ್ಲದಿದ್ದ ಒಂದು ಮೊನೆ ತಾನಾಗಿ ಬರುತ್ತದೆ. ಅಂದಹಾಗೆ, ಜ್ಯಾಕ್ ಕೂಸಾಗಿದ್ದಾಗ ಕಳೆದುಹೋದವನು; ಅವನ ಅಪ್ಪ ಕೊನೆಗೆ ಸೇನೆಯ ಹಳೆಯ ಪಟ್ಟಿಗಳಲ್ಲಿ ಸಿಗುವ ಒಬ್ಬ ಜನರಲ್. ಆತನ ವಿಚಿತ್ರ ಸ್ವಭಾವಕ್ಕೆ ಲೇಡಿ ಬ್ರ್ಯಾಕ್‌ನೆಲ್ ಕೊಡುವ ಕಾರಣಗಳು ಇಂಡಿಯಾದ ಹವೆ, ಮದುವೆ ಮತ್ತು ಅಜೀರ್ಣ. ಇದೇ ಕ್ರಮದಲ್ಲಿ.

ಮಗುವನ್ನು ಕಳೆದ ಕಥೆಯೂ ಆ ವರ್ಷದ್ದೇ. ಮಿಸ್ ಪ್ರಿಸಮ್ ತಾನು ಬರೆದ ಮೂರು ಸಂಪುಟದ ಕಾದಂಬರಿಯನ್ನು ಮಗುವಿನ ತಳ್ಳುಗಾಡಿಯಲ್ಲಿಟ್ಟು, ಮಗುವನ್ನು ಕೈಚೀಲದಲ್ಲಿಟ್ಟು, ಆ ಚೀಲವನ್ನು ವಿಕ್ಟೋರಿಯಾ ರೈಲುನಿಲ್ದಾಣದ ಸಾಮಾನು ಕೋಣೆಯಲ್ಲಿ ಬಿಟ್ಟುಬಂದವಳು. ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಮ್ಯೂಡಿ ಮತ್ತು ಸ್ಮಿತ್ ಗ್ರಂಥಾಲಯಗಳು ಮೂರು ಸಂಪುಟದ ಕಾದಂಬರಿಗಳಿಗೆ ಇನ್ನು ಮೊದಲಿನ ಬೆಲೆ ಕೊಡುವುದಿಲ್ಲ ಎಂದು ಪ್ರಕಾಶಕರಿಗೆ ಸುತ್ತೋಲೆ ಕಳಿಸಿದ್ದು 1894ರ ಜೂನಿನಲ್ಲಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮೆರೆದ ಆ ಜಾತಿಯ ಪುಸ್ತಕ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು. ಮೂರು ಸಂಪುಟದ ಕಾದಂಬರಿಯನ್ನು ಹಗುರಾಗಿ ಮಾತಾಡಬೇಡ ಎಂದು ಮಿಸ್ ಪ್ರಿಸಮ್ ಗದರುವಾಗ ಆಕೆ ಹಾಸಿಗೆ ಹಿಡಿದವರ ಪರ ವಹಿಸುತ್ತಿದ್ದಾಳೆ.

ಅಂದರೆ ನೀವು ಚಾಟೂಕ್ತಿ ಎಂದುಕೊಂಡದ್ದರಲ್ಲಿ ಬಹುಪಾಲು ಅವರಿಗೆ ಆ ದಿನದ ಪತ್ರಿಕೆ. ಎಲ್ಲವೂ ಅಲ್ಲ, ಒಪ್ಪುತ್ತೇನೆ. ಅಲ್ಜರ್ನನ್ ಬಾಯಿಂದ ಬರುವ ಕೆಲವು ಮಾತುಗಳು ಬರೀ ವರಸೆ, ತಲೆಕೆಳಗು ಮಾಡಿದ ಗಾದೆಗಳು. ಅವನ್ನು ಕತ್ತರಿಸಿದರೆ ನಾಟಕಕ್ಕೆ ನಷ್ಟವಿಲ್ಲ; ಮೊದಲ ಅಂಕದಲ್ಲಿ ಧೈರ್ಯವಾಗಿ ಕತ್ತರಿಸಿ.

ದುಡ್ಡಿನ ಎಳೆ ಹಿಡಿದು ಹೋದರೆ ಕಥೆಯೂ ನೆಟ್ಟಗಾಗುತ್ತದೆ. ಅಲ್ಜರ್ನನ್ ಬಳಿ ಸಾಲ ಬಿಟ್ಟರೆ ಏನೂ ಇಲ್ಲ. ಲೇಡಿ ಬ್ರ್ಯಾಕ್‌ನೆಲ್ ಸ್ವತಃ ಬರಿಗೈಯಲ್ಲಿ ಬಂದು ಲಾರ್ಡ್ ಬ್ರ್ಯಾಕ್‌ನೆಲ್‌ನನ್ನು ಮದುವೆಯಾದವಳು, ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಮೂರನೇ ಅಂಕದಲ್ಲಿ ಆಕೆ ಅಲ್ಜರ್ನನ್ ಮೆಚ್ಚಿದ ಸಿಸಿಲಿಯನ್ನು ಕಣ್ಣೆತ್ತಿ ನೋಡದೆ ಹೊರಡಲು ಎದ್ದಿರುತ್ತಾಳೆ. ಹುಡುಗಿಯ ಹೆಸರಿನಲ್ಲಿ ಸರಕಾರಿ ಸಾಲಪತ್ರಗಳಲ್ಲಿ 1,30,000 ಪೌಂಡ್ ಇದೆ ಎಂದು ಜ್ಯಾಕ್ ಬಾಯಿಬಿಟ್ಟ ಕೂಡಲೇ ಮತ್ತೆ ಕೂರುತ್ತಾಳೆ. ಈಗ ನೋಡಿದರೆ ಹುಡುಗಿ ಬಹಳ ಲಕ್ಷಣವಾಗಿದ್ದಾಳಂತೆ. ಆಮೇಲೆ ನಡೆಯುವುದು ಶುದ್ಧ ವ್ಯಾಪಾರ. ನನ್ನ ಮದುವೆಗೆ ನೀವು ಒಪ್ಪದೆ ನಿಮ್ಮ ಹುಡುಗನ ಮದುವೆಗೆ ನಾನು ಒಪ್ಪುವುದಿಲ್ಲ ಎಂದು ಜ್ಯಾಕ್ ಪಟ್ಟು ಹಿಡಿಯುತ್ತಾನೆ. ಅಜ್ಜನ ಉಯಿಲಿನ ಪ್ರಕಾರ ಸಿಸಿಲಿ ಸ್ವತಂತ್ರಳಾಗುವುದು 35ರ ವಯಸ್ಸಿಗೆ. ಈ ಕಟ್ಟು ಬಿಡಿಸುವ ಉಪಾಯವೇ ಜ್ಯಾಕ್ ಯಾರ ಮಗನೆಂದು ತೋರಿಸಿಕೊಡುವ ಆ ಕೈಚೀಲ. ಲೇಡಿ ಬ್ರ್ಯಾಕ್‌ನೆಲ್ ದುಷ್ಟೆಯಲ್ಲ, ಹಾಸ್ಯಪಾತ್ರವಂತೂ ಮೊದಲೇ ಅಲ್ಲ. ಮಗಳ ಸಂಬಂಧ ನೋಡಲು ಬಂದ ಅನುಭವಿ ಹೆಂಗಸು. ಅಂಥವರು ನಮ್ಮ ನೆಂಟರಿಷ್ಟರಲ್ಲಿ ಬೇಕಾದಷ್ಟು ಜನ ಇದ್ದಾರೆ, ನಿಮ್ಮ ನಟಿ ದೂರ ಹುಡುಕಬೇಕಾಗಿಲ್ಲ.

ಒಂದು ಎಚ್ಚರಿಕೆ ಮಾತ್ರ. 1939ರಲ್ಲಿ ಜಾನ್ ಗೀಲ್ಗುಡ್ ಆಡಿಸಿದ ಪ್ರಯೋಗದಲ್ಲೂ 1952ರ ಚಲನಚಿತ್ರದಲ್ಲೂ ಈಡಿತ್ ಇವಾನ್ಸ್ ‘ಕೈಚೀಲ’ ಎಂಬ ಒಂದು ಪದವನ್ನು ರಾಗವಾಗಿ ಎಳೆದು, ಏರಿಸಿ, ಇಳಿಸಿ ಹೇಳಿದ್ದು ಲೋಕಪ್ರಸಿದ್ಧ. ಅಂದಿನಿಂದ ಈ ಪಾತ್ರ ಮಾಡಿದ ಪ್ರತಿ ನಟಿಗೂ ಅದೊಂದು ಶನಿ. ಆ ಚಲನಚಿತ್ರವನ್ನು ನಿಮ್ಮ ನಟಿಗೆ ಆಟ ಮುಗಿದ ಮೇಲೆ ತೋರಿಸಿ.

ಇನ್ನು ನೋಡುತ್ತಿದ್ದವರು ಯಾರು ಎಂಬುದಕ್ಕೆ ಬರುತ್ತೇನೆ. 1860ರ ದಶಕದಲ್ಲಿ ಟಿ. ಡಬ್ಲ್ಯೂ. ರಾಬರ್ಟ್‌ಸನ್ ಎಂಬ ನಾಟಕಕಾರ, ಬ್ಯಾಂಕ್ರಾಫ್ಟ್ ದಂಪತಿಯ ಕಂಪನಿ ಸೇರಿ ರಂಗದ ಮೇಲೆ ನಿಜವಾದ ಬಾಗಿಲು, ನಿಜವಾದ ಪೀಠೋಪಕರಣ, ನಿಜವಾದ ಚಹಾ ತಂದರು. ‘ಕಪ್ಪು-ಬಸಿ ನಾಟಕ’ ಎಂದು ಜನ ಗೇಲಿ ಮಾಡಿದರೂ ಅದು ನಿಂತಿತು. ಅದೇ ಬ್ಯಾಂಕ್ರಾಫ್ಟ್ 1880ರಲ್ಲಿ ಹೇಮಾರ್ಕೆಟ್ ಥಿಯೇಟರಿನಲ್ಲಿ ಅಗ್ಗದ ಟಿಕೇಟಿನ ಪಿಟ್ ತೆಗೆದುಹಾಕಿ ಇಡೀ ನೆಲವನ್ನು ದುಬಾರಿ ಸ್ಟಾಲು ಮಾಡಿದಾಗ ಮೊದಲ ರಾತ್ರಿ ಗಲಾಟೆಯೇ ಆಯಿತು. ಹೀಗೆ 1890ರ ಹೊತ್ತಿಗೆ ಲಂಡನ್ನಿನ ಥಿಯೇಟರುಗಳ ಬಡಾವಣೆಯಾದ ವೆಸ್ಟ್ ಎಂಡ್‌ನ ಮುಂದಿನ ಸಾಲುಗಳಲ್ಲಿ ಕೂರುತ್ತಿದ್ದವರೂ ರಂಗದ ಮೇಲಿನ ಪಾತ್ರಗಳೂ ಒಂದೇ ಬೀದಿಯವರು, ಒಂದೇ ದರ್ಜಿಯ ಗಿರಾಕಿಗಳು. ವೈಲ್ಡ್ ಐರ್ಲೆಂಡಿನವನು, ಡಬ್ಲಿನ್ನಿನಲ್ಲಿ 1854ರಲ್ಲಿ ಹುಟ್ಟಿದವನು. ಹೊರಗಿನವನ ಕಣ್ಣಿನಿಂದ ಅವರನ್ನು ನೋಡಿ, ಅವರದೇ ಮಾತಿನಲ್ಲಿ ಅವರನ್ನು ತೂಗಿದ. ಷಾ ಕೂಡ ಡಬ್ಲಿನ್ನಿನವನೇ.

1895ರ ಫೆಬ್ರುವರಿ 14, ಸೇಂಟ್ ಜೇಮ್ಸ್ ಥಿಯೇಟರ್. ಹೊರಗೆ ಕೊರೆಯುವ ಚಳಿ, ಹಿಮ. ಅದರ ಹಿಂದಿನ ತಿಂಗಳಷ್ಟೇ ಅದೇ ರಂಗದ ಮೇಲೆ ಹೆನ್ರಿ ಜೇಮ್ಸ್‌ನ ‘ಗೈ ಡಾಂವಿಲ್’ ಮಲಗಿತ್ತು, ಲೇಖಕನನ್ನು ರಂಗಕ್ಕೆ ಕರೆಸಿ ಜನ ಕೂಗಿ ಅವಮಾನಿಸಿದ್ದರು. ಥಿಯೇಟರಿನ ಯಜಮಾನನೂ ನಾಯಕನಟನೂ ಆದ ಜಾರ್ಜ್ ಅಲೆಕ್ಸಾಂಡರ್‌ಗೆ ತುರ್ತಾಗಿ ಒಂದು ನಾಟಕ ಬೇಕಿತ್ತು. ಆತ ಜ್ಯಾಕ್ ಆದ, ಅಲನ್ ಏನ್ಸ್‌ವರ್ತ್ ಅಲ್ಜರ್ನನ್ ಆದ. ತನ್ನ ಐವತ್ತಕ್ಕೂ ಹೆಚ್ಚು ವರ್ಷಗಳ ನಟನೆಯಲ್ಲಿ ಅದಕ್ಕಿಂತ ದೊಡ್ಡ ಗೆಲುವನ್ನು ಕಂಡಿಲ್ಲವೆಂದು ಏನ್ಸ್‌ವರ್ತ್ ಮುಂದೆ ನೆನೆದಿದ್ದಾನೆ. ಅದೇ ರಾತ್ರಿ ಒಳಗೆ ಬಂದು ರಂಪ ಮಾಡಬೇಕೆಂದಿದ್ದ ಕ್ವೀನ್ಸ್‌ಬರಿಯ ಮಾರ್ಕ್ವಿಸ್ ಎಂಬ ಸರದಾರನನ್ನು ಪೊಲೀಸರು ಬಾಗಿಲಲ್ಲೇ ತಡೆದರು. ತನ್ನ ಮಗನ ಜೊತೆಗಿನ ವೈಲ್ಡ್‌ನ ಸಂಬಂಧ ಆತನ ಸಿಟ್ಟಿಗೆ ಕಾರಣ; ತರಕಾರಿಯ ಗೊಂಚಲೊಂದನ್ನು ಬಿಟ್ಟು ಹೋದ. ನಾಲ್ಕೇ ದಿನದಲ್ಲಿ ವೈಲ್ಡ್‌ನ ಕ್ಲಬ್ಬಿನಲ್ಲಿ ಅವಮಾನಕರ ಚೀಟಿ ಬಿಟ್ಟ. ವೈಲ್ಡ್ ಮಾನಹಾನಿ ಮೊಕದ್ದಮೆ ಹೂಡಿದ, ಸೋತ, ಏಪ್ರಿಲ್ 5ರಂದು ತಾನೇ ಬಂಧಿತನಾದ. ಮೇ 25ರಂದು ಎರಡು ವರ್ಷದ ಕಠಿಣ ಸಜೆ. ಅಲೆಕ್ಸಾಂಡರ್ ಭಿತ್ತಿಪತ್ರಗಳಿಂದ ಲೇಖಕನ ಹೆಸರು ಅಳಿಸಿ ಕೆಲವು ವಾರ ನಾಟಕ ಎಳೆದ, ಆಮೇಲೆ ಇಳಿಸಿದ. 1899ರಲ್ಲಿ ಪುಸ್ತಕ ಬಂದಾಗಲೂ ಮುಖಪುಟದಲ್ಲಿ ಹೆಸರಿರಲಿಲ್ಲ, ‘ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್‌ನ ಲೇಖಕ’ ಎಂದಷ್ಟೇ ಇತ್ತು.

ಎಲ್ಲರೂ ಮೆಚ್ಚಿದರೆಂದಲ್ಲ. ಷಾ ಆಗ ನಾಟಕ ವಿಮರ್ಶಕ. ನಕ್ಕೆ ಎಂದು ಒಪ್ಪಿಕೊಂಡ. ಆದರೆ ಹಾಸ್ಯನಾಟಕ ನಗಿಸುವುದರ ಜೊತೆ ಮನಸ್ಸನ್ನೂ ತಟ್ಟದಿದ್ದರೆ ಸಂಜೆ ವ್ಯರ್ಥವಾಯಿತು ಎನಿಸುತ್ತದೆ ಎಂದು ಬರೆದ. ಈ ಆಕ್ಷೇಪಣೆ ನಿಮ್ಮ ತಾಲೀಮಿಗೂ ಸಂಬಂಧಿಸಿದ್ದು. ನಮ್ಮ ನಟರು ಬೆಳೆದದ್ದು ಕೈಲಾಸಂ ಪರಂಪರೆಯಲ್ಲಿ. ಟಿ. ಪಿ. ಕೈಲಾಸಂ 1909ರಿಂದ 1915ರವರೆಗೆ ಲಂಡನ್ನಿನಲ್ಲಿ ಭೂವಿಜ್ಞಾನ ಓದುತ್ತಿದ್ದವರು. ಅಲೆಕ್ಸಾಂಡರ್ ಇದೇ ನಾಟಕವನ್ನು ಮತ್ತೆ ರಂಗಕ್ಕೆ ತಂದು ತಿಂಗಳುಗಟ್ಟಲೆ ಓಡಿಸಿದ್ದೂ 1909ರ ಕೊನೆಯಿಂದ. ಆದರೂ ‘ಟೊಳ್ಳು ಗಟ್ಟಿ’ಯ ನಗು ಬೇರೆಯದೇ ಕುಲದ್ದು. ಅದರ ಕೆಳಗೆ ಕರುಣೆಯ ಒರತೆಯಿದೆ, ನಗುತ್ತಿರುವಾಗಲೇ ಕಣ್ಣು ಒದ್ದೆಯಾಗುತ್ತದೆ. ಷಾ ಕೇಳಿದ್ದು ಅಂಥದ್ದನ್ನೇ. ಆ ಅಭ್ಯಾಸದಲ್ಲಿ ಪಳಗಿದ ನಟ ಅನಾಥ ಜ್ಯಾಕ್ ಸಿಕ್ಕಿದ ಕೂಡಲೇ ದನಿಯಲ್ಲಿ ಒಂದು ಕಂಪನ ತರುತ್ತಾನೆ. ‘ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡಿದ್ದೇನೆ’ ಎಂದು ನೊಂದು ಹೇಳಿದರೆ, ‘ಒಬ್ಬರನ್ನು ಕಳೆದುಕೊಳ್ಳುವುದು ದುರದೃಷ್ಟ ಎನ್ನಬಹುದು, ಇಬ್ಬರನ್ನೂ ಕಳೆದುಕೊಳ್ಳುವುದು ಅಜಾಗರೂಕತೆ’ ಎಂಬ ಉತ್ತರ ಕ್ರೂರವಾಗಿ ಕೇಳಿಸುತ್ತದೆ, ಸಭೆ ತಣ್ಣಗಾಗುತ್ತದೆ. ಜ್ಯಾಕ್ ಅದನ್ನು ಅರ್ಜಿಯ ಒಂದು ಕಾಲಂ ಭರ್ತಿ ಮಾಡುವವನಂತೆ ಹೇಳಬೇಕು. ಕರುಣೆ ಬೇಡ, ಕಸಿವಿಸಿ ಸಾಕು. ಷಾ ಹೇಳಿದ ಕೊರತೆ ನಿಜ, ಆದರೆ ಈ ನಾಟಕ ನಿಂತಿರುವುದೇ ಆ ಕೊರತೆಯ ಮೇಲೆ ಎಂಬುದು ನನ್ನ ನಿಲುವು. ವೈಲ್ಡ್‌ನ ಹಿಂದಿನ ಮೂರು ಸಾಮಾಜಿಕ ನಾಟಕಗಳಲ್ಲಿ ಕರುಣೆ ಧಾರಾಳವಾಗಿದೆ. ಅವು ಎಡವುವುದೂ ಅಲ್ಲೇ.

ಆ ಮೂರರ ಬಗ್ಗೆ ಎರಡು ಮಾತು. ‘ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್’ (1892), ‘ಎ ವುಮನ್ ಆಫ್ ನೋ ಇಂಪಾರ್ಟೆನ್ಸ್’ (1893), ‘ಆ್ಯನ್ ಐಡಿಯಲ್ ಹಸ್ಬೆಂಡ್’ (ಜನವರಿ 1895). ಮೂರರಲ್ಲೂ ಹಳೆಯ ಗುಟ್ಟು, ಬೆದರಿಕೆ, ಕಣ್ಣೀರು. ನಡುನಡುವೆ ಚುರುಕು ಮಾತು. ಕೊನೆಯದು ನಿಮಗೆ ಕುತೂಹಲ ಹುಟ್ಟಿಸಬಹುದು: ಸೂಯೆಜ್ ಕಾಲುವೆಯ ಷೇರುಗಳ ಸಂಗತಿಯಲ್ಲಿ ಸರಕಾರದ ಗುಟ್ಟು ಮಾರಿ ಶ್ರೀಮಂತನಾದ ಪ್ರಾಮಾಣಿಕ ರಾಜಕಾರಣಿ ಅದರ ನಾಯಕ. ಇವತ್ತಿಗೂ ಹಳಸಿಲ್ಲ. ಆದರೆ ಪಾತ್ರವರ್ಗ ದೊಡ್ಡದು, ಉಡುಪಿನ ಖರ್ಚು ನಿಮ್ಮ ತಂಡವನ್ನು ಮುಳುಗಿಸೀತು.

ಬೇರೆಯವರಲ್ಲಿ ಆರ್ಥರ್ ಪಿನೆರೊನ ‘ದಿ ಮ್ಯಾಜಿಸ್ಟ್ರೇಟ್’ (1885) ಓದಿ. ವಿಧವೆಯೊಬ್ಬಳು ಮರುಮದುವೆಯಾಗುವಾಗ ತನ್ನ ವಯಸ್ಸಿನಲ್ಲಿ ಐದು ವರ್ಷ ಮುಚ್ಚಿಟ್ಟಿದ್ದಾಳೆ. ಹಾಗಾಗಿ 19ರ ಮಗ 14ರವನೆಂದು ನಡೆಯಬೇಕು. ಹದಿನಾಲ್ಕರ ಹುಡುಗ ಸಿಗರೇಟು ಸೇದುತ್ತಾನೆ, ಜೂಜಾಡುತ್ತಾನೆ, ಮನೆಗೆ ಬಂದ ಮೇಡಮ್ಮನ ಜೊತೆ ಸರಸವಾಡುತ್ತಾನೆ; ನ್ಯಾಯಾಧೀಶನಾದ ಮಲತಂದೆಗೆ ಹುಡುಗ ಇಷ್ಟು ಚೂಟಿಯೇ ಎಂಬ ಬೆರಗು. ಮಾತಿನ ಮೊನಚು ವೈಲ್ಡ್‌ನದಲ್ಲ, ಆದರೆ ಸನ್ನಿವೇಶವೇ ನಗಿಸುತ್ತದೆ. ಕನ್ನಡಕ್ಕೆ ಬಹಳ ಸಲೀಸಾಗಿ ಬರುತ್ತದೆ. ಬ್ರ್ಯಾಂಡನ್ ಥಾಮಸ್‌ನ ‘ಚಾರ್ಲಿಸ್ ಆಂಟ್’ (1892) ಲಂಡನ್ನಿನಲ್ಲಿ 1,466 ಪ್ರದರ್ಶನ ಕಂಡಿತು. ಗಂಡಸು ಸೀರೆ ಉಟ್ಟು ಅತ್ತೆಯಾಗುವ ಆ ವರಸೆಯನ್ನು ಆಚಾರ್ಯ ಅತ್ರೆ ‘ಮೋರೂಚಿ ಮಾವಶಿ’ಯಾಗಿ ಮರಾಠಿಗೆ ತಂದು ಗೆದ್ದರು. ಸಭೆ ತುಂಬಬೇಕಿದ್ದರೆ ಅದು. ನಟರು ಬೆಳೆಯಬೇಕಿದ್ದರೆ ವೈಲ್ಡ್.

ನೀವು ಹಿಡಿದದ್ದನ್ನು ಬಿಡಬೇಡಿ. ಇದು ಮೊದಲು ನಾಲ್ಕು ಅಂಕದ ನಾಟಕವಾಗಿತ್ತು, ಅಲೆಕ್ಸಾಂಡರ್ ಹಟ ಹಿಡಿದು ಮೂರಕ್ಕೆ ಇಳಿಸಿದ. ಬಿಟ್ಟುಹೋದ ಭಾಗದಲ್ಲಿ ಗ್ರಿಬ್ಸ್‌ಬಿ ಎಂಬ ವಕೀಲ ಬರುತ್ತಾನೆ: ಸವಾಯ್ ಹೋಟೆಲಿನ ಊಟದ ಬಾಕಿ 762 ಪೌಂಡ್ 14 ಶಿಲಿಂಗ್ 2 ಪೆನ್ಸ್ ಕಟ್ಟು, ಇಲ್ಲವೇ ಹಾಲೊವೇ ಜೈಲಿಗೆ ನಡೆ. ಕೆಲವೇ ತಿಂಗಳಲ್ಲಿ ವೈಲ್ಡ್‌ನನ್ನು ವಿಚಾರಣಾಧೀನ ಕೈದಿಯಾಗಿ ಇಟ್ಟದ್ದು ಹಾಲೊವೇಯಲ್ಲೇ. ಆ ದೃಶ್ಯ ಓದಲು ಚೆನ್ನ, ದುಡ್ಡಿನ ಎಳೆಯನ್ನು ನಟರಿಗೆ ಮನದಟ್ಟು ಮಾಡಿಸಲು ಇನ್ನೂ ಚೆನ್ನ. ರಂಗಕ್ಕೆ ಮಾತ್ರ ಬೇಡ. ಅಲೆಕ್ಸಾಂಡರನ ಕತ್ತರಿ ಸರಿಯಾದ ಜಾಗದಲ್ಲೇ ಬಿದ್ದಿದೆ.

ತಾಲೀಮನ್ನು ಎರಡನೇ ಅಂಕದ ಚಹಾ ದೃಶ್ಯದಿಂದ ಮತ್ತೆ ಶುರುಮಾಡಿ. ಒಬ್ಬನೇ ಗಂಡಿಗೆ ತಾವಿಬ್ಬರೂ ಗೊತ್ತಾಗಿದ್ದೇವೆ ಎಂದು ಸಿಸಿಲಿಗೂ ಗ್ವೆಂಡೊಲಿನ್‌ಗೂ ಆಗಷ್ಟೇ ತಿಳಿದಿದೆ. ಜಗಳ ಕಾಯಬೇಕು, ಆದರೆ ಸೇವಕರು ಚಹಾ ತಂದಿಟ್ಟು ಅಲ್ಲೇ ಇದ್ದಾರೆ. ಸಕ್ಕರೆ ಬೇಡ, ಈಗ ಅದರ ಫ್ಯಾಷನ್ ಹೋಯಿತು ಎನ್ನುತ್ತಾಳೆ ಗ್ವೆಂಡೊಲಿನ್. ಸಿಸಿಲಿ ಇಕ್ಕುಳದಲ್ಲಿ ನಾಲ್ಕು ಗಟ್ಟಿ ಎತ್ತಿ ಬಟ್ಟಲಿಗೆ ಹಾಕುತ್ತಾಳೆ. ಕೇಕೋ, ಬೆಣ್ಣೆ ಹಚ್ಚಿದ ಬ್ರೆಡ್ಡೋ? ಬ್ರೆಡ್ಡು, ಒಳ್ಳೆಯ ಮನೆಗಳಲ್ಲಿ ಈಗ ಕೇಕ್ ಕಾಣುವುದೇ ಅಪರೂಪ. ಸಿಸಿಲಿ ದೊಡ್ಡದೊಂದು ಕೇಕಿನ ತುಂಡು ಕತ್ತರಿಸಿ ತಟ್ಟೆಗಿಡುತ್ತಾಳೆ. ಇಲ್ಲಿ ಜೋಕ್ ಎಂಬುದೇ ಇಲ್ಲ, ಇರುವುದು ಉಪಚಾರ ಮಾತ್ರ. ಸಕ್ಕರೆ ಬೀಳುವ ಸದ್ದು ಹಿಂದಿನ ಸಾಲಿಗೂ ಕೇಳಬೇಕು, ಆದ್ದರಿಂದ ಪಿಂಗಾಣಿ ಬಟ್ಟಲೇ ತನ್ನಿ, ಪ್ಲಾಸ್ಟಿಕ್ ಬೇಡ. ಚಹಾ, ಕೇಕು, ಸೌತೆಕಾಯಿ ಎಲ್ಲವೂ ನಿಜವಾದದ್ದೇ ಇರಲಿ. ಅಲ್ಜರ್ನನ್ ಪಾತ್ರಧಾರಿ ಬಾಯಲ್ಲಿ ತುತ್ತಿಟ್ಟುಕೊಂಡು ಮಾತು ಸ್ಪಷ್ಟವಾಗಿ ಹೇಳುವುದನ್ನು ಈಗಿನಿಂದಲೇ ಕಲಿಯಬೇಕು, ಆಟದ ದಿನ ಕಲಿಯಲಾಗುವುದಿಲ್ಲ. ಇಬ್ಬರು ಹುಡುಗಿಯರಿಗೂ ಒಂದೇ ಸೂಚನೆ ಸಾಕು: ಸೇವಕರು ಕೇಳಿಸಿಕೊಳ್ಳುತ್ತಿದ್ದಾರೆ. ಆ ದೃಶ್ಯ ಕೂತ ಮೇಲೆ ಅದೇ ನಡೆಯಲ್ಲಿ ಮೊದಲ ಅಂಕಕ್ಕೆ ಹಿಂತಿರುಗಿ, ಸಭೆಯ ಕಡೆ ಯಾರೂ ನೋಡದಂತೆ ಒಮ್ಮೆ ಪೂರ್ತಿ ಓಡಿಸಿ.